ಕಾತ್ರಜದ ತುತ್ತೂರಿ

ನಮ್ಮ ಅಜ್ಜನ ಹತ್ತಿರ ಇದ್ದದ್ದು ಒಂದೇ ಒಂದು ಕಥೆ. ರಾಮಾಯಣ ಭಾರತ ಹೇಳುವ ಅಜ್ಜಂದಿರು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದರು, ಇವನಿಗೆ ಅದೊಂದೂ ಬರುತ್ತಿರಲಿಲ್ಲ. ಇವನು ಹೇಳುತ್ತಿದ್ದುದು ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆಳಗಾವಿಯಿಂದ ಪುಣೆಗೆ ಟಪಾಲು ಟಾಂಗಾದಲ್ಲಿ ಬಂದದ್ದನ್ನು. ಆಗಿನ್ನೂ ನಮ್ಮ ಕಡೆಗೆ ರೈಲು ಬಂದಿರಲಿಲ್ಲ. ಅಂಚೆಯ ಚೀಲ ಹೊತ್ತು, ದಾರಿಯುದ್ದಕ್ಕೂ ಕುದುರೆ ಬದಲಿಸುತ್ತ ಓಡುವ ಟಾಂಗಾ, ಅದರಲ್ಲಿ ಮೂರೇ ಜನಕ್ಕೆ ಜಾಗ. ಕಾತ್ರಜ ಘಾಟಿನ ತಿರುವಿನಲ್ಲಿ ಎತ್ತಿನ ಬಂಡಿಗಳ ಸಾಲು ಅಡ್ಡ ನಿಂತಿತಂತೆ. ಟಾಂಗಾದವನ ಎರಡೂ ಕೈಯಲ್ಲಿ ಲಗಾಮು. "ರಾಯರ, ಆ ತುತ್ತೂರಿ ಊದ್ರಿ!" ಎಂದು ಅವನು ಕೂಗಿದನಂತೆ. ಅಜ್ಜ ತುತ್ತೂರಿ ಎತ್ತಿ ಒಂದೇ ಸಲ ಊದಿದ್ದಕ್ಕೆ ಇಡೀ ಘಾಟು ನಡುಗಿ, ಬಂಡಿಗಳೆಲ್ಲ ಬದಿಗೆ ಸರಿದು, ಸರಕಾರದ ಟಪಾಲು ಒಂದು ನಿಮಿಷವೂ ತಡವಾಗದೆ ಪುಣೆ ಮುಟ್ಟಿತಂತೆ.

ಈ ಕಥೆಯನ್ನು ಅಜ್ಜ ಹಾಲಿನವನಿಗೆ ಹೇಳುತ್ತಿದ್ದ, ಕ್ಷೌರಿಕನಿಗೆ ಹೇಳುತ್ತಿದ್ದ, ನಮ್ಮ ವಾಡೆಗೆ ಬಾಡಿಗೆ ಕೋಣೆ ಕೇಳಿಕೊಂಡು ಬಂದವರಿಗೂ ಹೇಳುತ್ತಿದ್ದ. ಒಬ್ಬಿಬ್ಬರು ಕಥೆ ಕೇಳಿದ ಮೇಲೆ ಬೇರೆ ವಾಡೆ ಹುಡುಕಿಕೊಂಡದ್ದೂ ಉಂಟು. ನಮ್ಮ ಕಾಕಾ, ಅಂದರೆ ಅಜ್ಜನ ಕಡೆಯ ಮಗ, ಅದನ್ನು ಕೇಳಿದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದ.

"ಅಪ್ಪಾ, ಹೋದ ವಾರ ಐದು ಬಂಡಿ ಇದ್ವು. ಇವತ್ತ ಹನ್ನೆರಡು ಹ್ಯಾಂಗ ಆದ್ವು? ಬಂಡಿ ಏನು ಮರಿ ಹಾಕ್ತಾವೇನು?"

"ನೀ ಇದ್ದ್ಯೇನು ಅಲ್ಲೆ? ಬಾಯಿ ಮುಚ್ಚು."

"ಬಂಡಲ್ ಬಿಡೂದಕ್ಕೂ ಒಂದು ಮಿತಿ ಬೇಕ್ರಿ."

ನಾನು ಮಾತ್ರ ನಂಬಿದ್ದೆ. ಆಗ ನಾನು ಹನ್ನೊಂದು ವರ್ಷದ ಹುಡುಗಿ. ನಂಬುವುದಷ್ಟೇ ಅಲ್ಲ, ಶಾಲೆಯಲ್ಲಿ ಒಬ್ಬಳು ನಿಮ್ಮಜ್ಜ ಸುಳ್ಳ ಎಂದದ್ದಕ್ಕೆ ಅವಳ ಜಡೆ ಹಿಡಿದು ಜಗ್ಗಿ, ಮಾಸ್ತರಿಂದ ಎರಡೂ ಅಂಗೈಗೆ ಛಡಿ ಏಟು ತಿಂದು ಬಂದಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ, ಮೊಮ್ಮಕ್ಕಳನ್ನು ಕೇಳಿ.

ಆ ವರ್ಷ ಕಾಕಾನಿಗೆ ಮದುವೆಯಾಗಿತ್ತು. ಮೊದಲನೆಯ ದೀಪಾವಳಿಗೆ ಮಾವನ ಮನೆಯಿಂದ ಕರೆ ಬಂತು. ಹೆಂಡತಿ ಆಗಲೇ ತವರಿಗೆ ಹೋಗಿದ್ದಳು. ಮಾವ ಸಾತಾರೆಯಲ್ಲಿ ದೊಡ್ಡ ವಕೀಲರು. ನಮ್ಮಂತೆಯೇ ಮನೆಮಾತು ಕನ್ನಡದವರು, ಧಾರವಾಡದ ಕಡೆಯಿಂದ ಹೋಗಿ ನೆಲೆಸಿದವರು. ಅಳಿಯನ ಜೊತೆಗೆ ಬೀಗರೂ ಬರಲೇಬೇಕು ಎಂದು ಬರೆದಿದ್ದರು. ರೈಲಿನಲ್ಲಿ ಹೋದರೆ ಅಳಿಯನ ಮಾನ ಏನಾದೀತು ಎಂದು ಕಾಕಾ ತನ್ನ ಗೆಳೆಯನ ಮೋಟಾರು ಕೇಳಿ ತಂದ. ಮೇಲೆ ಕ್ಯಾನ್ವಾಸಿನ ಮುಚ್ಚಿಗೆ, ಬದಿಗೆ ಮೆಟ್ಟುಹಲಗೆ. ಹೋಗುವ ಹೊತ್ತಿಗಿಂತ ನಿಲ್ಲುವ ಹೊತ್ತೇ ಹೆಚ್ಚು. ನಾನು ಹಟ ಹಿಡಿದು, ಊಟ ಬಿಟ್ಟು, ಕಡೆಗೂ ಅದರಲ್ಲಿ ಜಾಗ ಸಂಪಾದಿಸಿದೆ.

ದೀಪಾವಳಿಯ ಹಿಂದಿನ ದಿನ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಮುಂದೆ ಕಾಕಾ, ಅಜ್ಜ. ಹಿಂದೆ ನಾನು, ಅಜ್ಜಿ, ಅಜ್ಜಿಯ ಮಡಿ. ಮಡಿ ಎಂದರೆ ಒಂದು ಸಾಮಾನಲ್ಲ, ಆದರೆ ಅದಕ್ಕೆ ನಮ್ಮಿಬ್ಬರಿಗಿಂತ ಹೆಚ್ಚು ಜಾಗ ಬೇಕಿತ್ತು. ನೀರಿನ ತಾಮ್ರದ ಬಿಂದಿಗೆ, ಅದರ ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ, ಅವಲಕ್ಕಿಯ ಗಂಟು, ಉಣ್ಣೆಯ ಧಾಬಳಿಯಲ್ಲಿ ಸುತ್ತಿದ ಸೀರೆ. ನಮ್ಮ ಇಡೀ ಪೇಟೆಯಲ್ಲಿ ಅಜ್ಜಿಯಷ್ಟು ಮಡಿ ಮಾಡುವವರು ಇನ್ನೊಬ್ಬರಿರಲಿಲ್ಲ. ಎಂಜಲು ಎಂದರೆ ಅವಳಿಗೆ ಬೆಂಕಿ ಮುಟ್ಟಿದಂತೆ. ಲೋಟವನ್ನು ತುಟಿಗೆ ತಾಗಿಸಿದವಳಲ್ಲ, ನೀರನ್ನು ಮೇಲಿಂದಲೇ ಗಂಟಲಿಗೆ ಸುರಿದುಕೊಳ್ಳುತ್ತಿದ್ದಳು. ಒಮ್ಮೆ ನಾನು ಕಚ್ಚಿದ ಪೇರಲಹಣ್ಣನ್ನು ಮರೆತು ಅವಳ ಕೈಗೆ ಕೊಟ್ಟಿದ್ದಕ್ಕೆ ಚಳಿಯಲ್ಲಿ ಎರಡನೆಯ ಸಲ ತಣ್ಣೀರು ಸುರಿದುಕೊಂಡು, ಮೂರು ದಿನ ನನ್ನನ್ನು "ಪೇರಲಹಣ್ಣು" ಎಂದೇ ಕರೆದಳು.

ಊರಂಚಿನ ಸ್ವಾರಗೇಟ ದಾಟಿ ಹೊಲಗಳು ಶುರುವಾದದ್ದೇ ತಡ, ಕಾಕಾ ಮನಸ್ಸಿನಲ್ಲಿ ಇದ್ದದ್ದನ್ನು ಹೊರಗೆ ಹಾಕಿದ.

"ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ. ಸಾತಾರಾದಾಗ ಆ ತುತ್ತೂರಿ ಕಥಿ ತಗೀಬ್ಯಾಡ್ರಿ."

"ಯಾಕ?"

"ಯಾಕ ಅಂದ್ರ ಏನ್ರಿ? ಅವ್ರು ವಕೀಲ್ರು. ಎಷ್ಟು ಬಂಡಿ, ಯಾವ ತಿರುವು, ತುತ್ತೂರಿ ಎಷ್ಟುದ್ದ ಅಂತ ನಾಕು ಮಾತು ಕೇಳಿದ್ರ ನಿಮ್ಮ ಘಾಟು ಅಲ್ಲೇ ಕುಸದು ಬೀಳ್ತದ. ಅಳಿಯನ ಅಪ್ಪ ಸುಳ್ಳ ಥಾಪಾ ಹೊಡೀತಾನ ಅಂತ ಊರ ತುಂಬ ಆಗ್ತದ. ನಾ ಮುಖ ಎಲ್ಲೆ ಇಟ್ಕೊಳ್ಳಿ?"

ಹಿಂದಿನಿಂದ ನನಗೆ ಅಜ್ಜನ ರುಮಾಲು ಮತ್ತು ಒಂದು ಕಿವಿ ಮಾತ್ರ ಕಾಣುತ್ತಿತ್ತು, ಆ ಕಿವಿ ಕೆಂಪಗಾಗಿತ್ತು. ನನಗೆ ಕಾಕಾನ ಮೇಲೆ ಎಂಥ ಸಿಟ್ಟು ಬಂತೆಂದರೆ, ಹಿಂದಿನಿಂದಲೇ ಅವನ ಕುತ್ತಿಗೆಗೆ ಚಿವುಟಲು ಕೈ ಚಾಚಿದೆ. ಅಜ್ಜಿ ನನ್ನ ಕೈಯನ್ನು ಪಟ್ಟನೆ ಹೊಡೆದು ಇಳಿಸಿದಳು. ಅಜ್ಜ ನೌಕರಿಯಿಂದ ಇಳಿದು ಹತ್ತು ವರ್ಷ ಮೇಲಾಗಿತ್ತು. ಮನೆಯಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾಕು ಜನ ಅವನ ಮುಖ ನೋಡಿ ಕೂರುತ್ತಿದ್ದುದು ಆ ಕಥೆ ಹೇಳುವಾಗ ಮಾತ್ರ. ಅದನ್ನೂ ಕಸಿದುಕೊಂಡರೆ ಅವನಿಗೆ ಉಳಿಯುವುದಾದರೂ ಏನು ಎಂದು ಆ ವಯಸ್ಸಿನಲ್ಲೂ ನನಗೆ ತಿಳಿದಿತ್ತು.

ಕಾತ್ರಜ ಘಾಟು ಏರುವ ಮುಂಚೆ ಎಲ್ಲ ಮೋಟಾರುಗಳೂ ನಿಂತು ನೀರು ಕುಡಿಯುವ ರೂಢಿ. ನಮ್ಮದಕ್ಕೆ ಆಗಲೇ ಬಾಯಾರಿ ಮೂತಿಯಿಂದ ಹೊಗೆ ಬರುತ್ತಿತ್ತು. ಘಾಟಿನ ಬುಡದ ಆಲದ ಮರದ ಕೆಳಗೆ ಕಾಕಾ ಗಾಡಿ ನಿಲ್ಲಿಸಿದ. ಸಾತಾರೆಗೆ ಹೋಗುವ ಒಂದು ಬಸ್ಸೂ ಅಲ್ಲಿ ನಿಂತಿತ್ತು, ಅದರ ಜನ ಇಳಿದು ಚಹಾ ಕುಡಿಯುತ್ತಿದ್ದರು. ಮಳೆಗಾಲ ಮುಗಿದು ಗುಡ್ಡ ಹಸಿರಾಗಿತ್ತು, ಬುಟ್ಟಿಬುಟ್ಟಿ ಸೀತಾಫಲ ಮಾರಾಟಕ್ಕೆ ಬಂದಿದ್ದವು.

ಆ ಮರದ ಕೆಳಗೆ ಒಂದು ಟಾಂಗಾ ಇತ್ತು.

ಕುದುರೆಯಿಲ್ಲದ ಟಾಂಗಾ. ನೊಗದ ಕಂಬಗಳನ್ನು ಎರಡು ಕಲ್ಲುಗಳ ಮೇಲೆ ಆನಿಸಿ ನಿಲ್ಲಿಸಿದ್ದರು. ಗಾಲಿಗೆ ಹಳದಿ, ಮೈಗೆ ಕೆಂಪು ಬಣ್ಣ ಬಳಿದು, ದೀಪಾವಳಿಗೆಂದು ಚೆಂಡುಹೂವಿನ ಮಾಲೆ ಸುತ್ತಿದ್ದರು. ಬದಿಯ ಹಲಗೆಯ ಮೇಲೆ ಸುಣ್ಣದಲ್ಲಿ ದಪ್ಪಕ್ಷರ: "ಹಳೇ ಕಾಲದ ಟಪಾಲು ಟಾಂಗಾ. ಹತ್ತಿ ಕೂತು ನೋಡಿ." ಮರಾಠಿಯಲ್ಲಿ ಬರೆದದ್ದನ್ನು ನಾನು ಜೋರಾಗಿ ಓದಿದೆ. ಪಕ್ಕದಲ್ಲಿ ಬಿಳಿ ಮೀಸೆಯ, ಕೆಂಪು ಮುಂಡಾಸಿನ ಮುದುಕನೊಬ್ಬ ಕೂತಿದ್ದ. ಅವನಪ್ಪ ಈ ಟಾಂಗಾ ಹೊಡೆಯುತ್ತಿದ್ದನಂತೆ. ರೈಲು, ಆಮೇಲೆ ಮೋಟಾರು ಬಂದು ಟಾಂಗಾಗಳೆಲ್ಲ ಸೌದೆಯಾದಾಗ ಇವನೊಬ್ಬ ಇದನ್ನು ಉಳಿಸಿಕೊಂಡಿದ್ದ. ಒಂದಾಣೆ ಕೊಟ್ಟರೆ ಮೇಲೆ ಕೂರಬಹುದು. ಆಲದ ಬಿಳಲಿಗೆ ಒಂದು ಉದ್ದನೆಯ ಹಿತ್ತಾಳೆ ತುತ್ತೂರಿ ನೇತುಹಾಕಿತ್ತು. ಅದನ್ನು ಊದಿ ಸದ್ದು ಬರಿಸಿದವರಿಗೆ ಒಂದು ಬುಟ್ಟಿ ಸೀತಾಫಲ ಬಹುಮಾನ. ಬಸ್ಸಿನ ಜನ ಒಬ್ಬರಾದ ಮೇಲೆ ಒಬ್ಬರು ಕೆನ್ನೆ ಉಬ್ಬಿಸಿ, ಕಣ್ಣು ತೇಲಿಸಿ ಊದುತ್ತಿದ್ದರು. ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಬುಟ್ಟಿ ಇದ್ದಲ್ಲೇ ಇತ್ತು.

ಕಾಕಾ ನೀರಿನ ಡಬ್ಬಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ.

"ದೇವರು ಅದಾನ! ನೋಡ್ರಿ ಅಪ್ಪಾ, ನಿಮ್ಮ ಟಾಂಗಾ, ನಿಮ್ಮ ಘಾಟು, ನಿಮ್ಮ ತುತ್ತೂರಿ. ಊದ್ರಿ. ಸಪ್ಪಳ ಬಂದ್ರ ಸಾತಾರಾದಾಗ ನೂರು ಸಲ ಹೇಳ್ರಿ ಕಥಿ, ನಾನೇ ಪಕ್ಕದಾಗ ಕೂತು ಹೂಂ ಅಂತೀನಿ. ಬರಲಿಲ್ಲಂದ್ರ ಇವತ್ತಿಗೆ ಅದು ಬಂದ್. ಸಾತಾರಾದಾಗ ಅಷ್ಟ ಅಲ್ಲ, ಎಲ್ಲಾ ಕಡೆನೂ, ಕಾಯಮ್. ಒಪ್ಪಿಗ್ಯೋ?"

ಅಜ್ಜ ಹಿಗ್ಗಿ ಓಡುತ್ತಾನೆ ಎಂದುಕೊಂಡಿದ್ದೆ. ಅವನು ಟಾಂಗಾದ ಕಡೆಗೆ ಒಂದು ಸಲ ನೋಡಿ, ಧೋತರದ ಚುಂಗು ಸರಿಮಾಡಿಕೊಂಡ.

"ನೀರು ಹಾಕಿದ್ಯೋ ಇಲ್ಲೋ? ನಡೀ, ತಡಾ ಆಗ್ತದ."

"ನೋಡಿದ್ರ್ಯಾ!" ಎಂದು ಕಾಕಾ ನಕ್ಕ.

ಇಲ್ಲಿ ನಡೆದದ್ದು ನನ್ನ ತಪ್ಪು, ಈ ಮಾತನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಮೆಟ್ಟುಹಲಗೆಯ ಮೇಲೆ ಹತ್ತಿ ನಿಂತು, ಬಸ್ಸಿನ ಇಡೀ ಜನಕ್ಕೆ ಕೇಳುವ ಹಾಗೆ ಮರಾಠಿಯಲ್ಲಿ ಕಿರುಚಿದೆ: ಸರಿಯಿರಿ ಎಲ್ಲಾ, ನಮ್ಮಜ್ಜ ಇದೇ ಘಾಟಿನಲ್ಲಿ ಇದೇ ತುತ್ತೂರಿ ಊದಿದವನು, ಈಗ ಊದಿ ತೋರಿಸುತ್ತಾನೆ! ಚಹಾದ ಲೋಟ ಹಿಡಿದವರೆಲ್ಲ ಸುತ್ತ ನೆರೆದರು. "ಯಾ ಆಜೋಬಾ, ಯಾ!" ಬನ್ನಿ ಅಜ್ಜಾ ಎಂದು ಕರೆಯುತ್ತ ದಾರಿ ಬಿಟ್ಟರು. ಟಾಂಗಾದ ಮುದುಕನಂತೂ ಎದ್ದು ನಿಂತು ಕೈ ಮುಗಿದ. ಇನ್ನು ಹಿಂದೆ ಸರಿಯಲು ಅಜ್ಜನಿಗೆ ದಾರಿಯಿರಲಿಲ್ಲ.

ಅವನು ತುತ್ತೂರಿ ಎತ್ತಿದ. ಅಂಗವಸ್ತ್ರದಿಂದ ಅದರ ಬಾಯಿ ಒರೆಸಿದ. ಊದಿದ. ಫುಸ್ ಎಂದಿತು. ಉಸಿರು ತುಂಬಿಕೊಂಡು ಮತ್ತೆ ಊದಿದ, ಮತ್ತೆ ಫುಸ್. ಮೂರನೆಯ ಸಲ ಜೋರಾಗಿ ಊದುವಾಗ ಕಟಕ್ ಎಂದು ಸದ್ದಾಯಿತು. ಆರು ತಿಂಗಳ ಹಿಂದಷ್ಟೇ ಕಟ್ಟಿಸಿದ ಹಲ್ಲಿನ ಸೆಟ್ಟು ಸಡಿಲಾಗಿ ತುತ್ತೂರಿಗೆ ಬಡಿದಿತ್ತು. ಜನ ಗೊಳ್ಳೆಂದು ನಕ್ಕರು. ಅಜ್ಜ ಹಲ್ಲನ್ನು ತೆಗೆದು ಅಂಗವಸ್ತ್ರದಲ್ಲಿ ಸುತ್ತಿಕೊಂಡು, ಬೊಚ್ಚು ಬಾಯಲ್ಲಿ ನಾಲ್ಕನೆಯ ಸಲ ಊದಿದ. ಈ ಸಲ ಫುಸ್ ಎನ್ನುವುದೂ ಕೇಳಲಿಲ್ಲ.

"ಮುಗೀತಲ್ಲಾ?" ಎಂದ ಕಾಕಾ. ಅವನ ದನಿಯಲ್ಲೂ ಗೆದ್ದ ಖುಷಿ ಅಷ್ಟಾಗಿ ಇರಲಿಲ್ಲ. "ಬಿಡ್ರಿ ಅಪ್ಪಾ. ಬಂದ್ ಅಂದ್ರ ಬಂದ್."

"ಆತಪಾ. ಬಂದ್."

ಒಂದು ಮಾತು ಎದುರಾಡದೆ ಒಪ್ಪಿಕೊಂಡ. ತುತ್ತೂರಿಯನ್ನು ಮುದುಕನ ಕೈಗೆ ಕೊಟ್ಟು, ಟಾಂಗಾದ ಮೆಟ್ಟಿಲ ಮೇಲೆ ಜನರಿಗೆ ಬೆನ್ನು ಮಾಡಿ ಕೂತು, ಹಲ್ಲು ಹಾಕಿಕೊಳ್ಳಲು ನೋಡಿದ. ಎಷ್ಟು ಒತ್ತಿದರೂ ಅದು ಕೂಡುತ್ತಲೇ ಇರಲಿಲ್ಲ. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ, ಹೋಗಿ ಕಾಕಾನ ಮೊಣಕಾಲ ಕೆಳಗೆ ಸರಿಯಾಗಿ ಒದ್ದೆ. ಅವನು ಕುಂಟುತ್ತ "ಅಯ್ಯಯ್ಯೋ, ಕತ್ತೀ ಹಾಂಗ ಒದೀತದಲಾ ಇದು!" ಎಂದು ಕೂಗುತ್ತಿರುವಾಗ ಮೋಟಾರಿನ ಬಾಗಿಲು ತೆರೆಯಿತು.

ಅಜ್ಜಿ ಇಳಿಯುತ್ತಿದ್ದಳು. ದಾರಿಯಲ್ಲಿ ಎಲ್ಲಿಯೂ ಇಳಿಯದ ಅಜ್ಜಿ, ಇಳಿದರೆ ಮೈಲಿಗೆ ಎನ್ನುವ ಅಜ್ಜಿ. ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಮಡಿಯ ಬಿಂದಿಗೆ. ನೇರವಾಗಿ ಟಾಂಗಾದ ಮುದುಕನ ಮುಂದೆ ಹೋಗಿ ನಿಂತು ಕೇಳಿದಳು: "ಚಿಂಚ ಆಹೆ ಕಾ?"

ಹುಣಸೆಹಣ್ಣು ಇದೆಯೇ ಎಂದು! ಮುದುಕ ಕಣ್ಣು ಕಣ್ಣು ಬಿಟ್ಟ. ಚಹಾ ಮಾಡುವವಳು ತನ್ನ ಡಬ್ಬಿಯಿಂದ ಒಂದು ಉಂಡೆ ಹುಣಸೆಹಣ್ಣು ತಂದುಕೊಟ್ಟಳು. ಅಜ್ಜಿ ಒಲೆಯ ಬೂದಿ ಒಂದು ಹಿಡಿ ತರಲು ನನಗೆ ಹೇಳಿದಳು. ಆಮೇಲೆ ಆ ಹೆದ್ದಾರಿಯ ಬದಿಯಲ್ಲಿ, ಒಂದು ಬಸ್ಸಿನ ಜನದ ಮುಂದೆ ಕುಕ್ಕರಗಾಲಲ್ಲಿ ಕೂತು, ನಮ್ಮ ಹಿತ್ತಿಲಲ್ಲಿ ಪೂಜೆಯ ಪಾತ್ರೆ ತಿಕ್ಕುವ ಹಾಗೆ ತುತ್ತೂರಿ ತಿಕ್ಕತೊಡಗಿದಳು. ಮೊದಲು ಹುಣಸೆಹಣ್ಣು, ಮೇಲೆ ಬೂದಿ, ಮತ್ತೆ ಹುಣಸೆಹಣ್ಣು. ಕಪ್ಪಗಿದ್ದ ಹಿತ್ತಾಳೆ ಬಿಸಿಲಿಗೆ ಥಳಥಳ ಹೊಳೆಯತೊಡಗಿತು.

"ಅವ್ವಾ, ಏನ್ ಮಾಡ್ಲಿಕ್ಹತ್ತೀ? ಮಂದಿ ನೋಡ್ತಾರ," ಎಂದ ಕಾಕಾ.

"ನೋಡ್ಲಿ. ಹಿತ್ತಾಳಿಗೆ ಹುಣಸೀಹಣ್ಣು ಹಚ್ಚಿ ತಿಕ್ಕಿದ ಮ್ಯಾಲೆ ಅದಕ್ಕ ಎಂಜಲಿಲ್ಲ, ಮೈಲಿಗಿಲ್ಲ. ನೀರು ಹಾಕು."

ಬಿಂದಿಗೆಯ ನೀರನ್ನು ನಾನು ಸುರಿದೆ. ಸಾತಾರೆಯ ತನಕ ತನಗೆಂದು ಹೊತ್ತು ತಂದ ನೀರು ಅದು, ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಅಜ್ಜಿ ಎದ್ದು ನಿಂತಳು, ಸೆರಗನ್ನು ಸೊಂಟಕ್ಕೆ ಬಿಗಿದಳು, ತುತ್ತೂರಿ ಎತ್ತಿ ತುಟಿಗಿಟ್ಟಳು. ಬಿಸಿ ಹಾಲಿನ ಲೋಟಕ್ಕೂ ತುಟಿ ತಾಗಿಸದ ನಮ್ಮಜ್ಜಿ! ಮೊದಲ ಸಲ ಸಣ್ಣಗೆ ಕರ್ರೆಂದಿತು. ಅವಳು ತುತ್ತೂರಿ ಇಳಿಸಿ, ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಬಿಗಿಯಾಗಿ ಒತ್ತಿ, ಬಾಯಿಗೆ ಸಿಕ್ಕ ನಾರನ್ನು ತುಪ್ಪುವವಳ ಹಾಗೆ ಥು ಎಂದು ಊದಿದಳು.

ಆ ಸದ್ದನ್ನು ನಾನು ಹೇಗೆ ಹೇಳಲಿ! ಭೋಂ ಎಂದು ಹೊರಟದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಆಲದ ಮರದ ಗಿಳಿಗಳೆಲ್ಲ ಒಮ್ಮೆಗೇ ಎದ್ದವು. ದೂರದಲ್ಲಿ ಒಂದು ಎತ್ತಿನ ಬಂಡಿ ತಾನಾಗಿಯೇ ದಾರಿಯ ಬದಿಗೆ ಸರಿಯಿತು. ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದ ಡ್ರೈವರ್ ಧಡಕ್ಕನೆ ಎದ್ದು ಹಾರ್ನ್ ಹೊಡೆದ. ಜನ ಚಪ್ಪಾಳೆ ತಟ್ಟಿದರು, ನಾನು ಕುಣಿದೆ. ಟಾಂಗಾದ ಮುದುಕ ಮುಂಡಾಸು ತೆಗೆದು "ವಾಹವಾ ಆಜೀ, ವಾಹವಾ!" ಎನ್ನುತ್ತ ಸೀತಾಫಲದ ಬುಟ್ಟಿಯನ್ನು ಅವಳ ಕಾಲ ಬಳಿ ಇಟ್ಟ. ಅಜ್ಜಿ ಇನ್ನೊಂದು ಸಲ ಊದಿದಳು, ಯಾರೂ ಕೇಳದಿದ್ದರೂ. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಹಬ್ಬದಲ್ಲೂ ಕಂಡಿರಲಿಲ್ಲ.

"ಅವ್ವಾ," ಎನ್ನುತ್ತ ಕಾಕಾ ಹತ್ತಿರ ಬಂದ. "ನೀ ಇದನ್ನ ಎಲ್ಲೆ ಕಲ್ತಿ?"

ಅಜ್ಜಿ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು. ಟಾಂಗಾದ ಮೆಟ್ಟಿಲ ಕಡೆಗೆ ಒಮ್ಮೆ ನೋಡಿದಳು.

"ಎಲ್ಲೆ ಕಲೀಲಿ? ಇವ್ರ ಕಲಿಸ್ಯಾರ. ಟಾಂಗಾದಾಗ ಊದಿದ್ದು ಹ್ಯಾಂಗ ಅಂತ ನನಗ ಆವಾಗ ತೋರಿಸಿದ್ರು. ಈಗ ಹಲ್ಲು ಕಟ್ಟಿಸ್ಯಾರ, ಅದಕ್ಕ ಬರಲಿಲ್ಲ. ಇನ್ನ ಕಥಿ ಬಂದ್ ಗಿಂದ್ ಅಂದೀಯಂದ್ರ ನೋಡು."

ಕಾಕಾ ತಲೆ ಕೆರೆದುಕೊಂಡ. ನಾನು ಗೆದ್ದೆ ಎಂದು ಅವನಿಗೆ ನಾಲಿಗೆ ಚಾಚಿ ತೋರಿಸಿದೆ. ಎಲ್ಲವೂ ಅಲ್ಲಿಗೇ ಮುಗಿಯಬಹುದಿತ್ತು, ಅಜ್ಜ ಸುಮ್ಮನಿದ್ದಿದ್ದರೆ. ಅವನು ಹಲ್ಲನ್ನು ಒತ್ತಿ ಕೂಡಿಸಿಕೊಂಡು, ಎರಡು ಸಲ ಕಚ್ಚಿ ಗಟ್ಟಿಮಾಡಿಕೊಂಡು ಎದ್ದು ಬಂದ.

"ಸುಳ್ಳ ಹೇಳ್ತಾಳ."

"ಏನ್ರೀ ಅದು? ಸುಮ್ಮ ಕೂಡ್ರಿ," ಎಂದಳು ಅಜ್ಜಿ.

"ಇಲ್ಲ. ಸುಮ್ಮ ಕೂತಿದ್ದು ಸಾಕಾತು." ಅಜ್ಜ ಕಾಕಾನ ಕಡೆ ತಿರುಗಿದ. "ನಾ ಊದಿಲ್ಲಪಾ. ಅವತ್ತೂ ಇವತ್ತಿನಂಗೇ ಫುಸ್ ಅಂತು. ಊದಿದಾಕಿ ಇಕಿ."

ಆಮೇಲೆ ಅವನು ಹೇಳಿದ್ದು ಹೀಗಿತ್ತು. ಟಾಂಗಾದಲ್ಲಿದ್ದ ಮೂವರು ಅವನು, ಅವನ ತಾಯಿ, ಮತ್ತು ಹತ್ತು ವರ್ಷದ ಹೆಂಡತಿ. ಹುಡುಗಿ ಮೊದಲನೆಯ ಸಲ ಅತ್ತೆಮನೆಗೆ ಹೊರಟವಳು, ಬೆಳಗಾವಿಯಲ್ಲಿ ಅಳಲು ಶುರು ಮಾಡಿದವಳು ಕಾತ್ರಜ ಬಂದರೂ ನಿಲ್ಲಿಸಿರಲಿಲ್ಲ. ತಾಯಿಗೆ ಕುಲುಕಾಟಕ್ಕೆ ತಲೆ ತಿರುಗಿ ನಿದ್ದೆ ಹತ್ತಿತ್ತು. ಬಂಡಿಗಳು ಅಡ್ಡ ಬಂದಾಗ ಟಾಂಗಾದವನು ತುತ್ತೂರಿ ಕೊಟ್ಟದ್ದು ಅಜ್ಜನಿಗೇ. ಅವನು ಊದಿದ, ಗಾಳಿ ಬಂತು. ಹುಡುಗಿ ಅಳುವುದು ಮರೆತು ಕಿಸಕ್ಕನೆ ನಕ್ಕಳು. ಟಾಂಗಾದವನು ನಗುತ್ತ, ನೀನಾದರೂ ಊದು ಮಗಳೇ, ನಾರು ತುಪ್ಪಿದ ಹಾಗೆ ತುಪ್ಪು ಎಂದ. ಹುಡುಗಿ ತುಪ್ಪಿದಳು.

"ಘಾಟು ನಡುಗಿದ್ದು ಖರೆ," ಎಂದ ಅಜ್ಜ. "ಅದೊಂದು ಖರೆ. ನಮ್ಮವ್ವ ಧಡಕ್ಕನ ಎದ್ಲು. 'ಯಾರು ಊದಿದ್ದು?' ಅಂದ್ಲು. ನಮ್ಮವ್ವನ್ನ ನೀ ನೋಡಿಲ್ಲ. ಟಾಂಗಾದವನ ಎಂಜಲು ತುತ್ತೂರಿಗೆ ಸೊಸಿ ಬಾಯಿ ಹಚ್ಯಾಳಂತ ಗೊತ್ತಾಗಿದ್ರ, ಅದೇ ಟಾಂಗಾದಾಗ ಬೆಳಗಾವಿಗೆ ವಾಪಸ್ ಹಾಕ್ತಿದ್ಲು. ಇಕಿ ಮಾರಿ ನೋಡಿದೆ, ಬಿಳೀಚಿ ಹೋಗಿತ್ತು. 'ನಾ ಊದಿದೆ' ಅಂದೆ."

"ಅತ್ತಿಯವರು ಇವ್ರಿಗೆ ಜನಿವಾರ ಬದಲಿಸಿ, ಮೂರು ದಿನ ಪಂಚಗವ್ಯ ಕುಡಿಸಿದ್ರು," ಎಂದಳು ಅಜ್ಜಿ ನೆಲ ನೋಡುತ್ತ.

"ಊದಿದಾಕಿ ಇಕಿ, ಗೋಮೂತ್ರ ಕುಡದಾಂವ ನಾನು!"

ಕಾಕಾ ಮೊದಲು ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜನೂ ಹಲ್ಲಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕ. ಆ ಕಾಲಕ್ಕೆ ಪುಣೆ ಮುಟ್ಟಿದ ಮೇಲೆ ಅಜ್ಜನ ತಾಯಿಯೇ ಮಗನ ಪರಾಕ್ರಮವನ್ನು ಪೇಟೆಯ ತುಂಬ ಹೇಳಿಕೊಂಡು ಬಂದಳಂತೆ. ಕೇಳಿದವರಿಗೆಲ್ಲ ಅಜ್ಜ ಹೂಂ ಎನ್ನಬೇಕಾಯಿತು. ಹೇಳುತ್ತ ಹೇಳುತ್ತ ರುಚಿ ಹತ್ತಿತು. ತಾಯಿ ಹೋದ ಮೇಲಾದರೂ ನಿಜ ಹೇಳಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಅದು ಬಿಡಲಾಗದ ಕಥೆಯಾಗಿತ್ತು. "ಇಕಿನೂ ಅದು ನಂದು ಅಂತ ಒಂದು ದಿನ ಕೇಳಲಿಲ್ಲ," ಎಂದ ಅಜ್ಜ. ಮುಖ ಕೆಳಗೆ ಹಾಕಿದ್ದ.

ನಗದೇ ಇದ್ದವಳು ನಾನೊಬ್ಬಳೇ. ಛಡಿ ಏಟು ತಿಂದವಳು ನಾನು! ಮೋಟಾರು ಹತ್ತಿ ಮೂಲೆಗೆ ಮುಖ ಮಾಡಿ ಕೂತೆ. ಘಾಟು ಏರಿ ಇಳಿದು, ಶಿರವಳ ದಾಟಿದರೂ ಅಜ್ಜನ ಜೊತೆ ಮಾತಾಡಲಿಲ್ಲ. ಅಜ್ಜಿ ಒಂದಾದ ಮೇಲೆ ಒಂದು ಸೀತಾಫಲ ಬಿಡಿಸಿ ಕೊಟ್ಟಳು. ನಾನು ಬೀಜಗಳನ್ನು ಥು ಥು ಎಂದು ಹೊರಗೆ ತುಪ್ಪುತ್ತ ತಿಂದೆ. ಐದನೆಯ ಹಣ್ಣಿನ ಹೊತ್ತಿಗೆ ಸಿಟ್ಟು ಇಳಿಯಿತು. ಅಷ್ಟು ಸಿಹಿ ಹಣ್ಣು ತಿನ್ನುತ್ತ ಯಾರ ಮೇಲಾದರೂ ಎಷ್ಟು ಹೊತ್ತು ಮುನಿಸಿಕೊಂಡಿರಲು ಸಾಧ್ಯ?

ಕಾಕಾನಿಗೆ ಮಾತ್ರ ಈಗ ಮೊದಲಿನದಕ್ಕಿಂತ ದೊಡ್ಡ ಹೆದರಿಕೆ ಹತ್ತಿತು.

"ಅಪ್ಪಾ, ಅವ್ವಾ, ಇಬ್ಬರಿಗೂ ಕೈ ಮುಗೀತೀನಿ. ಇದನ್ನ ಸಾತಾರಾದಾಗ ಹೇಳಬ್ಯಾಡ್ರಿ. ಅವರ ಮನ್ಯಾಗ ನಮಗಿಂತ ಹೆಚ್ಚ ಮಡಿ. ಬೀಗತಿ ಹಾದಿ ಮ್ಯಾಲೆ ನಿಂತು ತುತ್ತೂರಿ ಊದಿದ್ಲು ಅಂದ್ರ ನನ್ನ ಗತಿ ಏನ್ರಿ?"

"ನಾ ಹೇಳಂಗಿಲ್ಲ," ಎಂದಳು ಅಜ್ಜಿ.

"ನಾನೂ ಹೇಳಂಗಿಲ್ಲ," ಎಂದ ಅಜ್ಜ. ಆ ಮಾತಿನ ಮೇಲೆ ಕಾಕಾ ಸಮಾಧಾನದಿಂದ ಮೋಟಾರು ಓಡಿಸಿದ.

ಸಾತಾರೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ನಮಗಾಗಿ ಊಟ ತಡೆದಿದ್ದರು. ಅಜ್ಜಿ ಬಾವಿಯ ನೀರು ಸೇದಿಸಿ ಸ್ನಾನ ಮಾಡಿ, ಮಡಿಯುಟ್ಟು, ಹೆಂಗಸರ ಜೊತೆ ಒಳಮನೆಯಲ್ಲಿ ಕೂತಳು. ಪಡಸಾಲೆಯಲ್ಲಿ ಗಂಡಸರ ಪಂಕ್ತಿ. ನಾನು ಮಕ್ಕಳ ಸಾಲಿನ ತುದಿಯಲ್ಲಿ, ಒಳಮನೆಯ ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಎರಡೂ ಕಡೆ ಕಾಣುವ ಜಾಗ ಅದು. ವಕೀಲರು ಎತ್ತರದ ಆಳು, ಕನ್ನಡಕ, ಬಿಗಿದ ಬಾಯಿ. ಅನ್ನದ ಮೇಲೆ ತೊವ್ವೆ, ತುಪ್ಪ ಬಿದ್ದ ಮೇಲೆ ಅವರು ಮಾತಿಗೆ ತೊಡಗಿದರು.

"ಪ್ರಯಾಣ ಹ್ಯಾಂಗಾತ್ರಿ ರಾಯರ? ಹಿಂದಕ ಇದೇ ಹಾದ್ಯಾಗ ಟಪಾಲು ಟಾಂಗಾ ಓಡ್ತಿದ್ವು ಅಂತ ನಮ್ಮ ತಂದಿಯವರು ಹೇಳ್ತಿದ್ರು. ನೀವೇನರ ಕುಂತೀರೇನ್ರಿ ಅದರಾಗ?"

ಕಾಕಾನಿಗೆ ತುತ್ತು ನೆತ್ತಿಗೇರಿತು. ಕೆಮ್ಮಿದ, ನೀರು ಕುಡಿದ, ಅಪ್ಪನ ಕಡೆ ಕಣ್ಣು ಮಾಡಿದ. ಅಜ್ಜ ಅವನ ಕಡೆ ನೋಡಲೇ ಇಲ್ಲ.

"ಕೂತೀನ್ರಿ," ಎಂದ. ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿದ. ಬೆಳಗಾವಿಯಿಂದ ಹೊರಟದ್ದು, ಕುದುರೆ ಬದಲಿಸಿದ್ದು, ಘಾಟಿನ ತಿರುವು, ಬಂಡಿಗಳು. ಎಲ್ಲವೂ ನಾನು ಕೇಳಿದ 'ಅಂತೆ'ಗಳೇ, ಆದರೆ ಆ ದಿನ ಬಂಡಿಗಳು ಐದೇ ಇದ್ದವು. ವಕೀಲರು ಊಟ ನಿಲ್ಲಿಸಿ ಕೇಳುತ್ತಿದ್ದರು. "ಟಾಂಗಾದಾಂವ ತುತ್ತೂರಿ ಕೊಟ್ಟಾ..." ಎನ್ನುವಲ್ಲಿಗೆ ಬಂದು ಅಜ್ಜ ಸುಮ್ಮನಾದ.

"ಹೂಂ, ಮುಂದ?" ಎಂದರು ವಕೀಲರು.

"ಮುಂದಿಂದು ನಾ ಹೇಳಂಗಿಲ್ರಿ, ಮಗಗ ಮಾತು ಕೊಟ್ಟೀನಿ." ಅಜ್ಜ ಒಳಮನೆಯ ಬಾಗಿಲ ಕಡೆ ಮುಖ ತಿರುಗಿಸಿ ದನಿ ಎತ್ತಿದ. "ಊದಿದವರು ಒಳಗ ಕೂತಾರ. ಅವ್ರು ಹೇಳ್ಬೇಕು."

ಬಡಿಸುವವರು ಸೌಟು ಹಿಡಿದುಕೊಂಡೇ ನಿಂತರು. ಅಜ್ಜಿ ಗಂಡಸರ ಪಂಕ್ತಿಗೆ ಕೇಳುವ ಹಾಗೆ ಒಂದು ಮಾತು ಆಡಿದವಳಲ್ಲ, ಅದೂ ಬೀಗರ ಮನೆಯಲ್ಲಿ. ಬಾಗಿಲ ಸಂದಿಯಿಂದ ನನಗೆ ಅವಳು ಕಾಣುತ್ತಿದ್ದಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಪಕ್ಕದಲ್ಲಿ ಕೂತಿದ್ದ ವಕೀಲರ ಮುದಿ ತಾಯಿ, ಆ ಮನೆಯ ಮಡಿಗೆಲ್ಲ ಒಡತಿ, ಅವಳ ಮೊಣಕೈಯನ್ನು ಮೆಲ್ಲಗೆ ತಿವಿದಳು.

"ಹೇಳ್ರಿ ಬಾಯಾರ. ಯಾಕ ನಾಚತೀರಿ? ನಮಗೂ ಕೇಳ್ಬೇಕಲಾ."

ಅಜ್ಜಿ ಗಂಟಲು ಸರಿಮಾಡಿಕೊಂಡಳು.

ಅವಳಿಗೆ ಕಥೆ ಹೇಳಲು ಬರುತ್ತಲೇ ಇರಲಿಲ್ಲ. ಬೆಳಗಾವಿಯಲ್ಲಿ ತನಗೆ ಉಡಿಸಿದ ಸೀರೆಯ ಬಣ್ಣದಿಂದ ಶುರು ಮಾಡಿದಳು. ಅವಳವ್ವ ಬುತ್ತಿಗೆ ಏನು ಕಟ್ಟಿದ್ದಳು, ದಶಮಿ ರೊಟ್ಟಿ ಎಷ್ಟು, ಚಟ್ನಿಪುಡಿ ಯಾವುದು, ಯಾವ ಊರಿನಲ್ಲಿ ಎಷ್ಟು ಅತ್ತಳು, ಎಲ್ಲ ಬಂತು. ಕಾತ್ರಜ ಮುಟ್ಟುವ ಹೊತ್ತಿಗೆ ಸಾರಿನ ಅನ್ನವೂ ಆಗಿತ್ತು. ಬೇರೆ ಯಾರು ಕಥೆ ಹೇಳಿದರೂ ನಡುವೆ ಬಾಯಿ ಹಾಕುವ ಅಜ್ಜ ಒಂದು ಸಲವೂ ತಡೆಯಲಿಲ್ಲ. "ನಾ ಊದಿದೆ" ಎಂದು ಅವಳ ದನಿ ಒಳಗಿನಿಂದ ಗಟ್ಟಿಯಾಗಿ ಬಂದಾಗ, ಅವನು ಎಡಗೈಯಿಂದ ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದ ವಕೀಲರಿಗೆ ಪಿಸುಮಾತಿನಲ್ಲಿ ಹೇಳಿದ: "ಖರೆ ಅದರಿ. ನಾ ಅಲ್ಲೇ ಇದ್ದೆ."